ಗೆಳೆಯರು ನಿಮ್ಮ ಅನುಭವವನ್ನು ನಂಬದಿದ್ದಾಗ ಮಾತಾಡುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

"ಹೌದಾ? ನಿಜವಾಗ್ಲೂ?" "ನೀನು ಜಾಸ್ತಿ ಯೋಚನೆ ಮಾಡ್ತೀಯ ಕಣೇ." "ಅವರು ಹಾಗೆ ಮಾಡೋರಲ್ಲ ಬಿಡೋ."

ಪರಿಚಯವಿಲ್ಲದವರು ಹೀಗೆ ಹೇಳಿದರೆ ಸ್ವಲ್ಪ ಹೊತ್ತು ಬೇಜಾರಾಗುತ್ತದೆ, ಆಮೇಲೆ ಮರೆತುಹೋಗುತ್ತದೆ. ಅದೇ ಮಾತು ಗೆಳೆಯರ ಬಾಯಿಂದ ಬಂದರೆ ಮನಸ್ಸಿಗೆ ನಾಟುತ್ತದೆ. ನಿಮಗೆ ಆದದ್ದು ಒಂದು ನೋವು. ಹತ್ತಿರದವರೇ ಅದನ್ನು ನಂಬಲಿಲ್ಲ ಅನ್ನುವುದು ಅದರ ಮೇಲೆ ಇನ್ನೊಂದು. ಎಷ್ಟೋ ಜನ ಅಲ್ಲಿಗೇ ಬಾಯಿ ಮುಚ್ಚಿಕೊಂಡುಬಿಡುತ್ತಾರೆ. ಇನ್ನು ಕೆಲವರು ದನಿ ಏರಿಸಿ ಜಗಳಕ್ಕೆ ನಿಲ್ಲುತ್ತಾರೆ. ಎರಡರಲ್ಲೂ ಮಾತು ನಿಂತುಹೋಗುತ್ತದೆ.

ಇಲ್ಲಿ ಹೇಳಿರುವುದು ಹಲವು ಬಗೆಯ ಅನುಭವಗಳಿಗೆ ಹೊಂದುತ್ತದೆ: ಹೊರಗೆ ಕಾಣದ ಕಾಯಿಲೆ, ಕೆಲಸದ ಜಾಗದಲ್ಲಿ ಅವಮಾನ, ಮನೆಯೊಳಗಿನ ಹಿಂಸೆ, ವಿವರಿಸಲಾಗದ ಯಾವುದೋ ದೃಶ್ಯ, ದೇವರ ಬಗ್ಗೆ ಆದ ಆಳವಾದ ಅನುಭವ. ಇವೆಲ್ಲ ಬೇರೆಬೇರೆ. ಆದರೆ ಗೆಳೆಯರ ಜತೆ ಮಾತು ಹಳಿ ತಪ್ಪುವುದು ಮಾತ್ರ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಅವರು ಅನುಮಾನಪಡುವುದು ಒಂದನ್ನು, ನಾವು ಸಮರ್ಥಿಸಿಕೊಳ್ಳುವುದು ಇನ್ನೊಂದನ್ನು. ಹಾಗಾಗಿ ಯಾವುದರ ಬಗ್ಗೆ ಅನುಮಾನ ಅನ್ನುವುದನ್ನು ಮೊದಲು ಪತ್ತೆ ಮಾಡಬೇಕು. ಉಳಿದದ್ದೆಲ್ಲ ಆಮೇಲೆ.

ಹಂತ 1: ನಡೆದದ್ದು, ಅನಿಸಿದ್ದು, ಅರ್ಥ ಮಾಡಿಕೊಂಡದ್ದು. ಮೂರನ್ನೂ ಬಿಡಿಸಿಕೊಳ್ಳಿ

ಗೆಳೆಯರ ಹತ್ತಿರ ಹೋಗುವ ಮೊದಲು ಇದನ್ನು ಒಬ್ಬರೇ ಕೂತು ಮಾಡಿ. ಯಾವುದೇ ಅನುಭವದಲ್ಲಿ ಮೂರು ಭಾಗ ಇರುತ್ತದೆ. ಒಂದು, ನಡೆದದ್ದು: ಕಂಡದ್ದು, ಕೇಳಿದ್ದು, ಯಾರು ಏನು ಅಂದರು. ಎರಡು, ಆಗ ನಿಮಗೆ ಅನಿಸಿದ್ದು: ಭಯ, ಅವಮಾನ, ನೋವು, ಸಮಾಧಾನ. ಮೂರು, ಅದರಿಂದ ನೀವು ಮಾಡಿಕೊಂಡ ಅರ್ಥ.

ನೀವು ಒಳಗೆ ಕಾಲಿಟ್ಟ ಕೂಡಲೇ ಮೂವರು ಸಹೋದ್ಯೋಗಿಗಳು ಮಾತು ನಿಲ್ಲಿಸಿದರು ಅಂದುಕೊಳ್ಳಿ. ಇದು ನಡೆದದ್ದು. ನಿಮಗೆ ಮುಜುಗರವಾಯಿತು. ಇದು ಅನಿಸಿದ್ದು. "ನನ್ನ ಬಗ್ಗೆಯೇ ಮಾತಾಡಿಕೊಳ್ಳುತ್ತಿದ್ದರು" ಅನ್ನುವುದು ಅರ್ಥ. ಗೆಳತಿಗೆ ಹೇಳುವಾಗ ನಾವು ಸಾಮಾನ್ಯವಾಗಿ ಮೂರನೆಯದರಿಂದಲೇ ಶುರು ಮಾಡುತ್ತೇವೆ: "ಅವರೆಲ್ಲ ನನ್ನ ಬೆನ್ನ ಹಿಂದೆ ಮಾತಾಡ್ತಾರೆ." ಅವಳು "ಅದು ಹೇಗೆ ಗೊತ್ತು?" ಅನ್ನುತ್ತಾಳೆ. ಅವಳು ಕೇಳಿದ್ದು ಮೂರನೆಯದರ ಬಗ್ಗೆ. ನಮ್ಮ ಕಿವಿಗೆ ಬೀಳುವುದು ಮಾತ್ರ "ನೀನು ಸುಳ್ಳು ಹೇಳ್ತಿದ್ದೀಯ" ಅಂತ.

ಈ ಮೂರನ್ನೂ ಬೇರೆಬೇರೆ ಇಟ್ಟು ಮಾತಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಒಂದು ಪ್ರಸಂಗ ಇದೆ. 1916ರ ಮೇ ತಿಂಗಳಲ್ಲಿ ಅಂಟಾರ್ಕ್ಟಿಕ ಅನ್ವೇಷಕ ಅರ್ನೆಸ್ಟ್ ಶ್ಯಾಕಲ್ಟನ್, ಅವರ ತಂಡದ ಫ್ರಾಂಕ್ ವರ್ಸ್ಲಿ, ಟಾಮ್ ಕ್ರೀನ್ ಮೂವರೂ ದಕ್ಷಿಣ ಅಟ್ಲಾಂಟಿಕ್ ಸಾಗರದ ದಕ್ಷಿಣ ಜಾರ್ಜಿಯಾ ದ್ವೀಪದ ಹಿಮಬೆಟ್ಟಗಳನ್ನು ನಡೆದು ದಾಟಿದರು. ಸುಮಾರು 36 ಗಂಟೆ, ಹೆಚ್ಚುಕಡಿಮೆ ನಿದ್ದೆಯೇ ಇಲ್ಲ. ಹಾಗೆ ನಡೆಯುವಾಗ ತಾವು ಮೂವರಲ್ಲ, ನಾಲ್ವರು ಇದ್ದೇವೆ ಅಂತ ಶ್ಯಾಕಲ್ಟನ್‌ಗೆ ಮತ್ತೆಮತ್ತೆ ಅನಿಸಿತು. ಆಗ ಅವರು ಅದನ್ನು ಜತೆಗಾರರಿಗೆ ಹೇಳಲಿಲ್ಲ. ಆಮೇಲೆ ವರ್ಸ್ಲಿಯೇ ಬಾಯಿಬಿಟ್ಟರು, ತನಗೂ ಇನ್ನೊಬ್ಬರು ಜತೆಗಿದ್ದ ಹಾಗೆ ಅನಿಸಿತು ಅಂತ. ಕ್ರೀನ್‌ಗೂ ಹಾಗೇ ಆಗಿತ್ತು. ಶ್ಯಾಕಲ್ಟನ್ ಇದನ್ನು ಬರೆದಿಟ್ಟರು. ಶ್ಯಾಕಲ್ಟನ್ ತಮ್ಮ ಮಟ್ಟಿಗೆ ಅದನ್ನು ದೈವದ ಕಡೆಗೆ ತಿರುಗಿಸಿ ನೋಡಿದರು. ಇವತ್ತಿನ ವೈದ್ಯರು ದಣಿವು, ಚಳಿ, ನಿದ್ದೆಗೇಡಿನ ಕಡೆ ಬೊಟ್ಟು ಮಾಡಬಹುದು. ಅರ್ಥದ ಬಗ್ಗೆ ಎಷ್ಟು ಬೇಕಾದರೂ ವಾದ ಮಾಡಿ. ಹಾಗೆ ಅನಿಸಿದ್ದು ಮಾತ್ರ ನಿಜ, ಅದನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ.

ಒಂದು ಹಾಳೆ ತಗೊಂಡು ಮೂರು ಭಾಗ ಮಾಡಿ ಬರೆದುನೋಡಿ. ಮೊದಲ ಎರಡರಲ್ಲಿ ನೀವು ಗಟ್ಟಿಯಾಗಿ ನಿಲ್ಲಬಹುದು. ಮೂರನೆಯದನ್ನು ಸ್ವಲ್ಪ ಸಡಿಲ ಬಿಡಿ.

ಹಂತ 2: ನೆನಪು ಹಸಿಯಾಗಿರುವಾಗಲೇ ಬರೆದಿಡಿ

ಬರೆದಿಡಿ ಅಂದರೆ ಸಾಕ್ಷಿ ಕೂಡಿಹಾಕಿ ಅಂತಲ್ಲ. ನೆನಪು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಇದು ಯಾಕೆ ಬೇಕು ಅಂತ ತಿಳಿಯುತ್ತದೆ.

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿಯಿತು. ಮರುದಿನವೇ ಮನಶ್ಶಾಸ್ತ್ರಜ್ಞ ಅಲ್ರಿಕ್ ನೈಸರ್ ತಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ಬರೆಸಿಕೊಂಡರು: ಸುದ್ದಿ ಎಲ್ಲಿ ಕೇಳಿದಿರಿ, ಯಾರು ಹೇಳಿದರು, ಆಗ ಏನು ಮಾಡುತ್ತಿದ್ದಿರಿ. ಎರಡೂವರೆ ವರ್ಷ ಕಳೆದ ಮೇಲೆ ಅವರಲ್ಲಿ 44 ಮಂದಿಗೆ ಅದೇ ಪ್ರಶ್ನೆ ಕೇಳಿದರು. 11 ಮಂದಿಯ ನೆನಪು ಎಲ್ಲಿ, ಯಾರು, ಏನು ಅನ್ನುವ ವಿವರಗಳಲ್ಲಿ ಪೂರ್ತಿ ಬೇರೆಯಾಗಿತ್ತು. ಹಾಗೆ ತಪ್ಪಿದವರಲ್ಲೂ ಹಲವರಿಗೆ ತಮ್ಮ ನೆನಪಿನ ಮೇಲೆ ತುಂಬ ಭರವಸೆ ಇತ್ತು. ತಮ್ಮದೇ ಕೈಬರಹ ತೋರಿಸಿದಾಗ ಅವರಿಗೇ ಆಶ್ಚರ್ಯ.

ಇದರಿಂದ "ಹಾಗಾದರೆ ನನ್ನ ನೆನಪೇ ಸುಳ್ಳಾ?" ಅಂತ ಕುಸಿಯಬೇಡಿ. ಅವರಿಗೆ ನೌಕೆ ಸಿಡಿದದ್ದು ಸುಳ್ಳು ನೆನಪಲ್ಲ. ಜಾರಿದ್ದು ಅಂಚಿನ ವಿವರಗಳು: ಯಾವ ಕೋಣೆ, ಯಾರು ಮೊದಲು ಹೇಳಿದ್ದು. ತೊಂದರೆ ಏನೆಂದರೆ, ಅನುಮಾನಪಡುವ ಗೆಳೆಯರು ಹಿಡಿಯುವುದು ಈ ಅಂಚನ್ನೇ. "ಮೊನ್ನೆ ಸಂಜೆ ಅಂದೆ, ಈಗ ರಾತ್ರಿ ಅಂತೀಯ" ಅಂತ ಅವರು ಶುರು ಮಾಡಿದರೆ ಮುಖ್ಯ ಸಂಗತಿ ಪಕ್ಕಕ್ಕೆ ಸರಿದುಬಿಡುತ್ತದೆ.

ಹಾಗಾಗಿ ದಿನ, ಹೊತ್ತು, ಜಾಗ, ಯಾರಿದ್ದರು, ಯಾವ ಮಾತು ಆಡಿದರು ಅನ್ನುವುದನ್ನು ಅದೇ ದಿನ ಬರೆದುಕೊಳ್ಳಿ. ಮಾತುಗಳನ್ನು ಅವರು ಆಡಿದ ಹಾಗೇ ಬರೆಯಿರಿ. "ಬೈದರು" ಅನ್ನುವ ಬದಲು ಏನಂತ ಬೈದರು ಅಂತ ಬರೆಯಿರಿ. ಆಮೇಲೆ ಏನಾದರೂ ನೆನಪಾದರೆ ಹಳೆಯದನ್ನು ತಿದ್ದಬೇಡಿ. ಕೆಳಗೆ ಹೊಸ ತಾರೀಖು ಹಾಕಿ ಸೇರಿಸಿ. ಗೊತ್ತಿಲ್ಲದ ಕಡೆ "ನೆನಪಿಲ್ಲ" ಅಂತಲೇ ಬರೆಯಿರಿ. ಆ ಒಂದು ಪದ ಉಳಿದ ಮಾತಿಗೆ ತೂಕ ಕೊಡುತ್ತದೆ.

ಇನ್ನೊಂದು ವಿಷಯ. ಪ್ರಶ್ನೆ ಕೇಳುವ ರೀತಿಯೇ ನೆನಪನ್ನು ತಿರುಚಬಲ್ಲದು. 1974ರಲ್ಲಿ ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಒಂದು ಕಾರು ಅಪಘಾತದ ಕಿರುಚಿತ್ರ ತೋರಿಸಿದರು. 50 ಜನರಿಗೆ ಕಾರುಗಳು "ಅಪ್ಪಳಿಸಿದಾಗ" ವೇಗ ಎಷ್ಟಿತ್ತು ಅಂತ ಕೇಳಿದರು, ಇನ್ನೂ 50 ಜನರಿಗೆ "ತಾಗಿದಾಗ" ಎಷ್ಟಿತ್ತು ಅಂತ. ಒಂದು ವಾರ ಬಿಟ್ಟು, ಒಡೆದ ಗಾಜು ನೋಡಿದ್ದಿರಾ ಅಂತ ವಿಚಾರಿಸಿದರೆ ಮೊದಲ ಗುಂಪಿನ 16 ಮಂದಿ ಹೌದು ಅಂದರು, ಎರಡನೆಯದರಲ್ಲಿ 7 ಮಂದಿ. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ನಾಲ್ಕು ಜನ ಗೆಳೆಯರ ಹತ್ತಿರ ಮಾತಾಡಿ, ಅವರ ಮಾತೆಲ್ಲ ತಲೆಯಲ್ಲಿ ಸೇರಿಕೊಂಡ ಮೇಲೆ ಬರೆಯಲು ಕೂರಬೇಡಿ ಅನ್ನುವುದು ಇದಕ್ಕೇ. ಮೊದಲು ಬರೆಯಿರಿ, ಆಮೇಲೆ ಮಾತಾಡಿ.

ಹಂತ 3: ಗೆಳೆಯರಿಗೆ ನಂಬಲು ಕಷ್ಟವಾಗುತ್ತಿರುವುದು ಯಾಕೆ ಅಂತ ನೋಡಿ

ನಂಬದಿರುವುದಕ್ಕೆ ಕಾರಣ ಒಂದೇ ಅಲ್ಲ. ಕಾರಣ ಗೊತ್ತಾದರೆ ಉತ್ತರವೂ ಬದಲಾಗುತ್ತದೆ.

ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಕಾಣುವ ಕಾರಣ ಭಯ. ನಿಮಗೆ ಹೀಗಾಗಿದೆ ಅಂತ ಒಪ್ಪಿದರೆ ತನಗೂ ಆಗಬಹುದು ಅಂತ ಒಪ್ಪಬೇಕಾಗುತ್ತದೆ. 1966ರಲ್ಲಿ ಮನಶ್ಶಾಸ್ತ್ರಜ್ಞರಾದ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ ಒಂದು ಪ್ರಯೋಗ ಮಾಡಿದರು. ಒಬ್ಬ ಹೆಂಗಸು ವಿದ್ಯುತ್ ಶಾಕ್ ತಿನ್ನುತ್ತಿರುವಂತೆ ನಟಿಸುತ್ತಿದ್ದಳು. ನೋಡುತ್ತಿದ್ದ ವಿದ್ಯಾರ್ಥಿನಿಯರಿಗೆ ಅದು ನಟನೆ ಅಂತ ಗೊತ್ತಿರಲಿಲ್ಲ. ಅವಳ ನೋವನ್ನು ನಿಲ್ಲಿಸಲು ಅವಕಾಶ ಇಲ್ಲದವರು ಅವಳ ಬಗ್ಗೆಯೇ ಕೀಳಾಗಿ ಅಭಿಪ್ರಾಯಪಟ್ಟರು. ಲೋಕದಲ್ಲಿ ಎಲ್ಲ ನ್ಯಾಯವಾಗಿಯೇ ನಡೆಯುತ್ತದೆ ಅಂತ ನಂಬಿಕೊಂಡಿರಲು ಮನಸ್ಸು ಹೀಗೆ ದಾರಿ ಹುಡುಕುತ್ತದೆ ಅಂತ ಲರ್ನರ್ ವಿವರಿಸಿದರು. "ಅಷ್ಟು ಹೊತ್ತಲ್ಲಿ ಅಲ್ಲಿಗ್ಯಾಕೆ ಹೋಗಿದ್ದೆ?" ಅಂತ ಗೆಳೆಯ ಕೇಳಿದಾಗ ಕೆಲವು ಸಲ ಅವನು ನಿಮ್ಮನ್ನು ದೂರುತ್ತಿರುವುದಿಲ್ಲ. ಹಾಗೆ ಮಾಡದಿದ್ದರೆ ತಾನು ಸುರಕ್ಷಿತ ಅಂತ ತನಗೇ ಹೇಳಿಕೊಳ್ಳುತ್ತಿರುತ್ತಾನೆ. ಆ ಪ್ರಶ್ನೆ ಸರಿ ಅಂತ ನಾನು ಹೇಳುತ್ತಿಲ್ಲ. ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ನೀವು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದು ಕಡಿಮೆಯಾಗುತ್ತದೆ.

ಇನ್ನೊಂದು ಕಾರಣ, ತಮಗೆ ಆಗದ್ದು ಇನ್ನೊಬ್ಬರಿಗೆ ಆಗುತ್ತದೆ ಅಂತ ಊಹಿಸಲಾಗದಿರುವುದು. 1880ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಹಲವರಿಗೆ ಒಂದು ಪ್ರಶ್ನೆ ಕೇಳಿದರು: ಬೆಳಗ್ಗೆ ತಿಂಡಿಗೆ ಕೂತಿದ್ದ ಮೇಜನ್ನು ನೆನಸಿಕೊಳ್ಳಿ, ಮನಸ್ಸಿನಲ್ಲಿ ಚಿತ್ರ ಎಷ್ಟು ಸ್ಪಷ್ಟವಾಗಿದೆ? ಉತ್ತರಿಸಿದವರಲ್ಲಿ ಹಲವು ವಿಜ್ಞಾನಿಗಳಿಗೆ ಮನಸ್ಸಿನಲ್ಲಿ ಚಿತ್ರ ಮೂಡುವುದೆಂಬುದೇ ವಿಚಿತ್ರವಾಗಿ ಕಂಡಿತು. ಅದು ಬರೀ ಮಾತಿನ ಅಲಂಕಾರ ಅಂತ ಅವರು ಅಂದುಕೊಂಡಿದ್ದರು. ಬೇರೆಯವರಿಗೆ ಅದು ದಿನದಿನದ ಮಾಮೂಲಿ ಸಂಗತಿ. ಮನಸ್ಸಿನಲ್ಲಿ ಚಿತ್ರವೇ ಮೂಡದಿರುವುದಕ್ಕೆ ಅಫ್ಯಾಂಟೇಸಿಯಾ ಎಂಬ ಹೆಸರು ಬಂದದ್ದು 2015ರಲ್ಲಿ. ಇಷ್ಟು ಸರಳ ವಿಷಯದಲ್ಲೇ ಒಬ್ಬರ ಒಳಗು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಇಲ್ಲಿ ಯಾರದೂ ದುರುದ್ದೇಶ ಇಲ್ಲ. ಇಂಥ ಗೆಳೆಯರಿಗೆ ಬೇಕಾದದ್ದು ವಾದವಲ್ಲ, ವಿವರ.

ಮೂರನೆಯದು, ನೀವು ದೂರುತ್ತಿರುವ ಮನುಷ್ಯ ಅವರಿಗೂ ಬೇಕಾದವನಾಗಿರುವುದು. ಇದು ಕಷ್ಟದ್ದು, ಹಂತ 5ರಲ್ಲಿ ಇದಕ್ಕೆ ಬರುತ್ತೇನೆ.

ಇವು ಬಿಟ್ಟರೆ ಸುಮ್ನೆ ಗಮನ ಕೊಡದವರು, ಯಾವುದನ್ನು ಹೇಳಿದರೂ ತಮಾಷೆ ಮಾಡುವವರು ಇದ್ದೇ ಇರುತ್ತಾರೆ. ಅವರಿಗೆ ಈ ವಿಷಯ ಹೇಳದಿದ್ದರೆ ನಷ್ಟವೇನಿಲ್ಲ.

ಹಂತ 4: ನಿಮಗೆ ಏನು ಬೇಕು ಅಂತ ಮೊದಲೇ ತೀರ್ಮಾನಿಸಿ

"ನನ್ನನ್ನು ನಂಬಬೇಕು" ಅನ್ನುವುದು ಕೇಳಲು ಸರಳ. ಆದರೆ ನಂಬಿಕೆ ಯಾರ ಕೈಯಲ್ಲೂ ಇಲ್ಲ, ಬೇಕೆಂದಾಗ ಹುಟ್ಟಿಸಿಕೊಡಲು ಬರುವುದಿಲ್ಲ. ಗೆಳೆಯರು ಮಾಡಬಹುದಾದ ಕೆಲಸ ಕೇಳಿ. ಹತ್ತು ನಿಮಿಷ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳುವುದು. ಡಾಕ್ಟರ ಹತ್ತಿರ ಜತೆಗೆ ಬರುವುದು. ಬೇರೆಯವರ ಮುಂದೆ ಈ ವಿಷಯ ಎತ್ತದಿರುವುದು. ತಮಾಷೆ ನಿಲ್ಲಿಸುವುದು. ಇವನ್ನೆಲ್ಲ ಪೂರ್ತಿ ನಂಬದವರೂ ಮಾಡಬಹುದು. ಎಷ್ಟೋ ಗೆಳೆತನ ಉಳಿಯುವುದು ಇದರಿಂದಲೇ.

ಜಾಗ, ಹೊತ್ತಿನ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಒಬ್ಬರ ಜತೆ ಒಬ್ಬರು, ಎದುರುಬದುರು ಅಥವಾ ಫೋನಿನಲ್ಲಿ. ಗುಂಪಿನಲ್ಲಿ ಬೇಡ. ಗುಂಪಿನಲ್ಲಿ ಒಬ್ಬರು ನಕ್ಕರೆ ಉಳಿದವರಿಗೂ ನಗಬೇಕು ಅನಿಸುತ್ತದೆ. ಮೆಸೇಜಿನಲ್ಲಿ ಶುರು ಮಾಡುವುದೂ ಬೇಡ, "ಸರಿ" ಅನ್ನುವ ಒಂದು ಪದಕ್ಕೆ ಹತ್ತು ಅರ್ಥ ಹುಡುಕುತ್ತಾ ಕೂರಬೇಕಾಗುತ್ತದೆ. ಸಿಟ್ಟು ನೆತ್ತಿಗೇರಿದ್ದಾಗ, ಇಬ್ಬರಲ್ಲಿ ಒಬ್ಬರಿಗೆ ಎಲ್ಲಿಗೋ ಹೊರಡುವ ಆತುರವಿದ್ದಾಗ ಮುಂದಕ್ಕೆ ಹಾಕಿ.

ಹಂತ 5: ಮಾತು ಶುರು ಮಾಡಿ

ಒಂದು ಮಾತುಕತೆಯನ್ನು ಪೂರ್ತಿ ನೋಡೋಣ. ಇಬ್ಬರು ಗೆಳತಿಯರು. ಒಬ್ಬಳಿಗೆ ಆಫೀಸಿನ ಮೇಲಧಿಕಾರಿ ಬಾಗಿಲು ಹಾಕಿಕೊಂಡು ಅವಮಾನ ಮಾಡುತ್ತಿದ್ದಾರೆ. ಇನ್ನೊಬ್ಬಳು ಹಿಂದೆ ಅದೇ ಅಧಿಕಾರಿಯ ಕೈಕೆಳಗೆ ಕೆಲಸ ಮಾಡಿದವಳು, ಅವರ ಬಗ್ಗೆ ಗೌರವ ಇಟ್ಟುಕೊಂಡವಳು. ಮೊದಲ ಸಲ ಹೇಳಿದಾಗ "ಅವರು ಹಾಗಲ್ಲ ಕಣೇ" ಅಂದಿದ್ದಳು. ಇದು ಎರಡನೆಯ ಸಲ.

"ಆವತ್ತು ಹೇಳಿದ್ದನ್ನು ಇನ್ನೊಂದು ಸಲ ಮಾತಾಡಬೇಕು ಅನಿಸ್ತಿದೆ. ನೀನು ಅವರ ಮೇಲೆ ಸಿಟ್ಟಾಗಬೇಕು ಅಂತ ಕೇಳ್ತಿಲ್ಲ. ಪೂರ್ತಿ ಹೇಳೋವರೆಗೂ ಕೇಳಿಸ್ಕೋ, ಸಾಕು."

"ಹೇಳು."

"ಮಂಗಳವಾರ ನನ್ನನ್ನು ಒಳಗೆ ಕರೆದರು. ಬಾಗಿಲು ಹಾಕಿದರು. 'ನಿನ್ನನ್ನು ಇಟ್ಕೊಂಡಿರೋದೇ ನಮ್ಮ ದೊಡ್ಡತನ' ಅಂದರು. ರಿಪೋರ್ಟನ್ನು ಮೇಜಿನ ಆಚೆಗೆ ಎಸೆದರು. ಈ ತಿಂಗಳಲ್ಲಿ ಇಂಥದ್ದು ಇದೇ ಮೊದಲಲ್ಲ. ನನಗೆ ಈಗ ಆ ಬಾಗಿಲು ನೋಡಿದರೇ ಕೈ ನಡುಗುತ್ತೆ."

"ನಂಗೆ ಗೊತ್ತಿರೋ ಹಾಗೆ ಅವರು ಒಂದು ದಿನ ಕೂಡ ದನಿ ಏರಿಸಿದವರಲ್ಲ. ಏನೋ ಟೆನ್ಷನ್‌ನಲ್ಲಿ ಇರಬೇಕು."

"ನಿನ್ನ ಹತ್ತಿರ ಹಾಗೆ ನಡ್ಕೊಂಡಿಲ್ಲ ಅನ್ನೋದನ್ನು ನಾನು ನಂಬ್ತೀನಿ. ಅವರು ಯಾಕೆ ಹೀಗೆ ಮಾಡ್ತಿದ್ದಾರೆ ಅಂತ ನಂಗೂ ಗೊತ್ತಿಲ್ಲ. ನಿಂಗೆ ನಂಬೋಕೆ ಕಷ್ಟ ಆಗ್ತಿರೋದು ಯಾವುದು? ಅವರು ಆ ಮಾತು ಆಡಿದರು ಅನ್ನೋದಾ, ಇಲ್ಲ ಬೇಕಂತಲೇ ಆಡಿದರು ಅನ್ನೋದಾ?"

ಇಲ್ಲಿ ಗೆಳತಿ ಸ್ವಲ್ಪ ಹೊತ್ತು ಸುಮ್ಮನಾಗುತ್ತಾಳೆ.

"ಆಡಿದರು ಅಂತ ನೀನು ಹೇಳಿದರೆ ಆಡಿರಬಹುದು. ಅವರು ಕೆಟ್ಟವರು ಅಂತ ಒಪ್ಕೊಳ್ಳೋಕೆ ಆಗ್ತಿಲ್ಲ."

"ಕೆಟ್ಟವರು ಅಂತ ಒಪ್ಕೊಳ್ಳಬೇಡ. ನಾನು ನಾಳೆ ದೂರು ಕೊಟ್ಟರೆ 'ಅವಳು ಸುಮ್ಸುಮ್ನೆ ಮಾಡ್ತಿದ್ದಾಳೆ' ಅಂತ ಯಾರ ಹತ್ತಿರಾನೂ ಹೇಳಬೇಡ. ಅಷ್ಟು ಮಾಡ್ತೀಯಾ?"

ಈ ಮಾತುಕತೆಯಲ್ಲಿ ಕೆಲಸ ಮಾಡಿದ್ದು ಯಾವುದು ನೋಡಿ. ಅವಳು ಅಧಿಕಾರಿಯ ಮಾತನ್ನು ಇದ್ದ ಹಾಗೇ ಹೇಳಿದಳು, ಬಣ್ಣ ಹಚ್ಚಲಿಲ್ಲ. "ಯಾಕೆ" ಅನ್ನುವುದು ತನಗೆ ಗೊತ್ತಿಲ್ಲ ಅಂತ ನೇರವಾಗಿ ಒಪ್ಪಿದಳು. ಎಲ್ಲಕ್ಕಿಂತ ಮುಖ್ಯವಾಗಿ, ಗೆಳತಿಯ ಅನುಭವವನ್ನು ತಾನು ನಂಬಿದಳು. ಒಬ್ಬ ಮನುಷ್ಯ ಒಬ್ಬರ ಹತ್ತಿರ ಮೃದುವಾಗಿ, ಇನ್ನೊಬ್ಬರ ಹತ್ತಿರ ಕ್ರೂರವಾಗಿ ಇರಬಲ್ಲ. ಎರಡೂ ಅನುಭವ ಒಟ್ಟಿಗೆ ನಿಜವಾಗಿರಬಹುದು. ಇದನ್ನು ಒಬ್ಬರು ಹೇಳಿಬಿಟ್ಟರೆ ಯಾರ ಪರ ಅಂತ ಆರಿಸಿಕೊಳ್ಳುವ ಕಷ್ಟ ಗೆಳತಿಗೆ ತಪ್ಪುತ್ತದೆ.

"ಯಾವ ಭಾಗ ನಂಬಲು ಕಷ್ಟ?" ಅನ್ನುವ ಪ್ರಶ್ನೆಯನ್ನು ಬಾಯಿಪಾಠ ಮಾಡಿಕೊಳ್ಳಿ. ಅದು ಇಲ್ಲದಿದ್ದರೆ ಅನುಮಾನ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಅತ್ತಲೂ ಅಲ್ಲ, ಇತ್ತಲೂ ಅಲ್ಲ ಅಂತ ಉಳಿದುಬಿಡುತ್ತದೆ. ಕೇಳಿದ ಮೇಲೆ ಉತ್ತರ ಬರುವವರೆಗೆ ಸುಮ್ಮನಿರಿ. ಆ ಮೌನ ಕಷ್ಟವಾಗುತ್ತದೆ, ಆದರೂ ಅದನ್ನು ನೀವೇ ತುಂಬಬೇಡಿ.

ಹಂತ 6: ಪ್ರಶ್ನೆಗಳಲ್ಲಿ ಎರಡು ಬಗೆ, ಗುರುತಿಸಿ

ಪ್ರಶ್ನೆ ಕೇಳಿದ ಕೂಡಲೇ ಅವಮಾನವಾಯಿತು ಅಂತ ತಿಳಿಯಬೇಕಾಗಿಲ್ಲ. ಒಳ್ಳೆಯ ಅನುಮಾನ ಅಂತಲೂ ಒಂದಿದೆ.

18ನೆಯ ಶತಮಾನದ ಕೊನೆಯವರೆಗೂ ಯೂರೋಪಿನ ಎಷ್ಟೋ ವಿದ್ವಾಂಸರು ಆಕಾಶದಿಂದ ಕಲ್ಲು ಬೀಳುತ್ತದೆ ಅನ್ನುವುದನ್ನು ಒಪ್ಪುತ್ತಿರಲಿಲ್ಲ. ಹಳ್ಳಿಯವರು ಕಂಡೆವು ಅಂದರೆ ಕಟ್ಟುಕತೆ ಅಂತ ತಳ್ಳಿಹಾಕುತ್ತಿದ್ದರು. 1803ರ ಏಪ್ರಿಲ್ 26ರಂದು ಫ್ರಾನ್ಸಿನ ಲೇಗ್ಲ್ ಎಂಬ ಊರಿನ ಸುತ್ತ ಸಾವಿರಾರು ಕಲ್ಲುಗಳು ಬಿದ್ದವು. ವಿಚಾರಿಸಲು ಹೋದವರು ಜಾನ್ ಬಾಪ್ಟಿಸ್ಟ್ ಬಿಯೋ ಎಂಬ ಯುವ ವಿಜ್ಞಾನಿ. ಅವರು ಊರೂರು ಅಲೆದರು. ಒಬ್ಬರಿಗೊಬ್ಬರು ಸಂಬಂಧವಿಲ್ಲದ, ಬೇರೆಬೇರೆ ಕಸುಬಿನ ಜನರ ಮಾತು ಕೇಳಿದರು. ಕಲ್ಲು ಎಲ್ಲೆಲ್ಲಿ ಬಿದ್ದಿದೆ ಅಂತ ಗುರುತು ಹಾಕಿಕೊಂಡರು. ಅವರ ವರದಿ ಬಂದ ಮೇಲೆ ಉಲ್ಕಾಶಿಲೆಯನ್ನು ಅಲ್ಲಗಳೆಯುವುದು ಕಷ್ಟವಾಯಿತು. ಬಿಯೋ ಕಣ್ಣು ಮುಚ್ಚಿ ನಂಬಲಿಲ್ಲ, ಕಣ್ಣು ಮುಚ್ಚಿ ಅಲ್ಲಗಳೆಯಲೂ ಇಲ್ಲ. ಹೋಗಿ ಕೇಳಿದರು.

ನಿಮ್ಮ ಗೆಳೆಯ "ಆಮೇಲೆ ಏನಾಯ್ತು?", "ಎಷ್ಟು ಹೊತ್ತು ಇತ್ತು?", "ಮೊದಲೂ ಹೀಗಾಗಿತ್ತಾ?" ಅಂತ ಕೇಳಿದರೆ ಅದು ತಿಳಿದುಕೊಳ್ಳುವ ಪ್ರಶ್ನೆ. ಅನುಮಾನದಿಂದ ಬಂದಿದ್ದರೂ ತಾಳ್ಮೆಯಿಂದ ಉತ್ತರ ಕೊಡಿ. "ಅದು ಸಾಧ್ಯಾನೇ ಇಲ್ಲ, ಅಲ್ವಾ?", "ಬೇರೆ ಯಾರಿಗೂ ಆಗದ್ದು ನಿಂಗ್ಯಾಕೆ ಆಗುತ್ತೆ?" ಅನ್ನುವುದು ಬಾಯಿ ಮುಚ್ಚಿಸುವ ಪ್ರಶ್ನೆ. ಅದಕ್ಕೆ ಉತ್ತರ ಕೊಡುತ್ತಾ ಹೋದರೆ ಮುಗಿಯುವುದೇ ಇಲ್ಲ. ಹೀಗೆ ಹೇಳಿ: "ನಿನಗೆ ತಿಳ್ಕೋಬೇಕು ಅಂತಿದ್ದರೆ ಎಷ್ಟು ಬೇಕಾದರೂ ಹೇಳ್ತೀನಿ. ಇಲ್ಲ ಅಂತ ನೀನು ಆಗಲೇ ತೀರ್ಮಾನ ಮಾಡಿದ್ದರೆ ಇಲ್ಲಿಗೇ ನಿಲ್ಲಿಸೋಣ."

ಒಂದು ಎಚ್ಚರಿಕೆ. ನಂಬುತ್ತಿಲ್ಲ ಅಂತ ಅನಿಸಿದಾಗ ಕತೆಯನ್ನು ಸ್ವಲ್ಪ ದೊಡ್ಡದು ಮಾಡಬೇಕು ಅನಿಸುತ್ತದೆ. ಎರಡು ಸಲ ಆದದ್ದು ಹತ್ತು ಸಲ ಆಗುತ್ತದೆ, ತಳ್ಳಿದ್ದು ಹೊಡೆದದ್ದಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಕಡ್ಡಿಯನ್ನು ಗುಡ್ಡ ಮಾಡಿದ್ದು ಒಂದು ಕಡೆ ಸಿಕ್ಕಿಬಿದ್ದರೆ ನಿಜವಾದ ಗುಡ್ಡವನ್ನೂ ಯಾರೂ ನಂಬುವುದಿಲ್ಲ.

ಹಂತ 7: ಮೈಯೊಳಗಿನ ನೋವಾದರೆ ದಿನಚರಿಯ ಮಾತಾಡಿ

ಕಾಣದ ಕಾಯಿಲೆ ಇರುವವರ ಕಷ್ಟವೇ ಬೇರೆ. ಮೈಗ್ರೇನ್, ಬೆನ್ನುನೋವು, ಮುಟ್ಟಿನ ವಿಪರೀತ ನೋವು, ಸದಾ ಕಾಡುವ ಸುಸ್ತು. ನಿನ್ನೆ ನಗುತ್ತಿದ್ದಿರಿ, ಇವತ್ತು ಬರಲಾಗಲ್ಲ ಅಂತೀರಿ. ನೋಡುವವರಿಗೆ ನೆಪದ ಹಾಗೆ ಕಾಣುತ್ತದೆ.

ವೈದ್ಯಕೀಯದಲ್ಲಿ ಇದರ ಬಗ್ಗೆ ಗೊಂದಲ ಇಲ್ಲ. ನೋವನ್ನು ಅಧ್ಯಯನ ಮಾಡುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ ಎರಡು ಮಾತು ಸ್ಪಷ್ಟ ಮಾಡಿತು. ನೋವು ಯಾವಾಗಲೂ ಆ ವ್ಯಕ್ತಿಯ ಸ್ವಂತ ಅನುಭವ. ಒಬ್ಬರು ನೋವಾಗುತ್ತಿದೆ ಅಂದರೆ ಆ ಮಾತಿಗೆ ಗೌರವ ಕೊಡಬೇಕು. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ ಅಂದ ಮಾತ್ರಕ್ಕೆ ನೋವಿಲ್ಲ ಅಂತಾಗುವುದಿಲ್ಲ.

ಆದರೂ ಗೆಳೆಯರಿಗೆ "ತುಂಬಾ ನೋವು" ಅಂದರೆ ಏನೂ ಕಾಣುವುದಿಲ್ಲ. ನೋವಿನಿಂದ ಏನು ನಿಂತುಹೋಯಿತು ಅಂತ ಹೇಳಿ. "ಬೆಳಗ್ಗೆ ಎದ್ದು ಶರ್ಟಿನ ಗುಂಡಿ ಹಾಕೋಕೆ ಎರಡು ಸಲ ಕೂತ್ಕೋಬೇಕಾಯ್ತು." "ಬೆಳಕು ಬಿದ್ದರೆ ವಾಂತಿ ಬರುತ್ತೆ, ಅದಕ್ಕೇ ಕರ್ಟನ್ ಎಳೆದು ಮಲಗಿದ್ದೆ, ಫೋನ್ ನೋಡೋಕೂ ಆಗ್ಲಿಲ್ಲ." ಗುಂಡಿಯ ಮಾತು ಕೇಳಿದವರು ಅದನ್ನು ಮರೆಯುವುದಿಲ್ಲ. ಜತೆಗೆ ಒಳ್ಳೆಯ ದಿನಗಳ ಬಗ್ಗೆಯೂ ನೀವೇ ಮೊದಲು ಹೇಳಿಬಿಡಿ: "ಕೆಲವು ದಿನ ಪೂರ್ತಿ ಚೆನ್ನಾಗಿರ್ತೀನಿ. ಮಾರನೇ ದಿನ ಏಳೋಕಾಗಲ್ಲ. ಇದು ಇರೋದೇ ಹೀಗೆ." ಆಗ ನಿಮ್ಮ ನಗು ನಿಮ್ಮ ವಿರುದ್ಧದ ಸಾಕ್ಷಿ ಆಗುವುದಿಲ್ಲ.

ಹಂತ 8: ಅವರ ವಿವರಣೆಗೂ ಒಂದು ಕಿವಿ ಕೊಡಿ

ವಿಚಿತ್ರ ಅನುಭವಗಳಲ್ಲಿ ಇದು ಜಾಸ್ತಿ ಬೇಕಾಗುತ್ತದೆ. ರಾತ್ರಿ ಎಚ್ಚರವಾಯಿತು, ಕೈಕಾಲು ಆಡಲಿಲ್ಲ, ಎದೆಯ ಮೇಲೆ ಯಾರೋ ಕೂತ ಹಾಗಿತ್ತು, ಕೋಣೆಯಲ್ಲಿ ನೆರಳು ಕಂಡಿತು. ಹೀಗೆ ಹೇಳುವ ಜನ ಲೋಕದ ಎಲ್ಲ ಕಡೆ ಇದ್ದಾರೆ. ಕನಸು ಕಾಣುವ ನಿದ್ದೆಯಲ್ಲಿ ಮೈಯ ಸ್ನಾಯುಗಳು ಕೆಲಸ ನಿಲ್ಲಿಸಿರುತ್ತವೆ. ಆ ಸ್ಥಿತಿ ಬಿಡುವ ಮೊದಲೇ ಎಚ್ಚರವಾದರೆ ಮೈ ಅಲುಗುವುದಿಲ್ಲ, ಕನಸಿನ ಚೂರುಗಳು ಕಣ್ಣೆದುರು ಕಾಣುತ್ತವೆ. ಇದನ್ನು ನಿದ್ರಾ ಪಾರ್ಶ್ವವಾಯು ಅನ್ನುತ್ತಾರೆ.

ಗೆಳೆಯ ಇದನ್ನು ಹೇಳಿದರೆ ಅವನು ನಿಮ್ಮನ್ನು ಸುಳ್ಳುಗಾರ ಅಂದ ಹಾಗಲ್ಲ. "ನನಗೆ ಆ ಹೆದರಿಕೆ ಆದದ್ದು ನಿಜ. ನೀನು ಹೇಳೋದು ಕಾರಣ ಇರಬಹುದು, ಓದಿ ನೋಡ್ತೀನಿ" ಅಂದರೆ ನಿಮ್ಮದೇನೂ ಕಳೆದುಹೋಗುವುದಿಲ್ಲ. ಅವನು ಕಾರಣ ಹೇಳುವ ಆತುರದಲ್ಲಿ ನಿಮ್ಮ ಹೆದರಿಕೆಯನ್ನೇ ತೇಲಿಸಿಬಿಟ್ಟರೆ ಆಗ ಹೇಳಿ: "ಕಾರಣ ಆಮೇಲೆ ಮಾತಾಡೋಣ ಮಾರಾಯ, ಮೊದಲು ಆ ರಾತ್ರಿ ಹೇಗಿತ್ತು ಅಂತ ಕೇಳು."

ದೇವರು, ಪ್ರಾರ್ಥನೆ, ಸಾವಿನ ಹತ್ತಿರ ಹೋಗಿ ಬಂದದ್ದು, ಇಂಥ ಅನುಭವಗಳಲ್ಲಿ ಇಬ್ಬರ ಅರ್ಥ ಎಂದೂ ಸೇರದಿರಬಹುದು. ಸೇರಬೇಕಾಗಿಯೂ ಇಲ್ಲ. ಆ ಅನುಭವದಿಂದ ನಿಮ್ಮ ಬದುಕಿನಲ್ಲಿ ಏನು ಬದಲಾಯಿತು ಅನ್ನುವ ಬಗ್ಗೆ ಮಾತಾಡಿ. ನಂಬದವರೂ ಅದನ್ನು ಕುತೂಹಲದಿಂದ ಕೇಳುತ್ತಾರೆ.

ಇಲ್ಲೊಂದು ಸೂಕ್ಷ್ಮ ವಿಷಯವೂ ಇದೆ. ಹಲವು ದಿನ ನಿದ್ದೆ ಇಲ್ಲ, ಯಾರೂ ಇಲ್ಲದಾಗ ದನಿ ಕೇಳಿಸುತ್ತಿದೆ, ಎಲ್ಲರೂ ನಿಮ್ಮ ವಿರುದ್ಧ ಸಂಚು ಮಾಡುತ್ತಿದ್ದಾರೆ ಅನಿಸುತ್ತಿದೆ, ಇದನ್ನು ಕಂಡು ನಿಮ್ಮ ಒಳ್ಳೆಯದನ್ನೇ ಬಯಸುವ ಗೆಳೆಯರು ಗಾಬರಿಯಾಗಿದ್ದಾರೆ ಅಂದರೆ ಬೇಗ ಡಾಕ್ಟರನ್ನು ನೋಡಿ. ಗೆಳೆಯರನ್ನೇ ಜತೆಗೆ ಕರೆದುಕೊಂಡು ಹೋಗಿ. ಅಲ್ಲಿ ಹೋದರೆ ನಿಮ್ಮ ಅನುಭವ ಸುಳ್ಳಾಯಿತು ಅಂತಲ್ಲ. ನೀವು ಅನುಭವಿಸುತ್ತಿರುವ ಕಷ್ಟ ನಿಜ, ಅದಕ್ಕೇ ಹೋಗಬೇಕು.

ಹಂತ 9: ಹಿಂಸೆಯ ವಿಷಯದಲ್ಲಿ ನಿಯಮ ಬೇರೆ

ಹೊಡೆತ, ಲೈಂಗಿಕ ದೌರ್ಜನ್ಯ, ಬೆದರಿಕೆ. ಇಂಥದ್ದು ನಡೆದಿದ್ದರೆ ಮೇಲಿನ ತಾಳ್ಮೆಯ ಪಾಠ ಯಾವುದೂ ನಿಮ್ಮ ಮೇಲೆ ಕಡ್ಡಾಯವಲ್ಲ. ಅನುಮಾನಪಡುವ ಗೆಳೆಯರನ್ನು ಒಪ್ಪಿಸುವ ಕೆಲಸ ನಿಮ್ಮದಲ್ಲ. ಒಬ್ಬರು ನಂಬಲಿಲ್ಲ ಅಂದರೆ ಅವರಿಗೇ ಮತ್ತೆಮತ್ತೆ ಹೇಳುತ್ತಾ ಕೂರಬೇಡಿ. ಇನ್ನೊಬ್ಬರ ಹತ್ತಿರ ಹೋಗಿ. ಡಾಕ್ಟರು, ಆಪ್ತಸಮಾಲೋಚಕರು, ಸಹಾಯವಾಣಿ, ವಕೀಲರು, ಇವರು ಇಂಥ ಮಾತು ಕೇಳುವುದನ್ನು ಕಲಿತಿರುತ್ತಾರೆ. ನೀವು ಈಗಲೂ ಅಪಾಯದಲ್ಲಿದ್ದರೆ ಮೊದಲು ಸುರಕ್ಷಿತ ಜಾಗ, ಉಳಿದದ್ದೆಲ್ಲ ಆಮೇಲೆ.

ಇಂಥ ಹೊತ್ತಿನಲ್ಲಿ ನೆನಪು ತುಂಡುತುಂಡಾಗಿ ಬರುವುದುಂಟು. ಒಂದು ವಾಸನೆ, ಒಂದು ಸದ್ದು ಸ್ಪಷ್ಟವಾಗಿರುತ್ತದೆ, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ಕಲಸಿಹೋಗಿರುತ್ತದೆ. ವಿಪರೀತ ಹೆದರಿಕೆಯಲ್ಲಿ ಹಾಗಾಗುತ್ತದೆ. "ಸರಿಯಾಗಿ ಹೇಳೋಕೇ ಬರಲ್ಲ, ಸುಳ್ಳಿರಬೇಕು" ಅಂತ ಯಾರಾದರೂ ಅಂದರೆ ಆ ಮಾತನ್ನು ಒಳಗೆ ಬಿಟ್ಟುಕೊಳ್ಳಬೇಡಿ.

ಒಂದು ವಿಷಯದಲ್ಲಿ ಅನುಮಾನಪಡುವವರಿಗೂ, ಪ್ರತಿ ವಿಷಯದಲ್ಲೂ "ನಿನ್ನ ನೆನಪೇ ಸರಿ ಇಲ್ಲ", "ನಾನು ಹಾಗೆ ಅಂದೇ ಇಲ್ಲ" ಅನ್ನುವವರಿಗೂ ತುಂಬ ವ್ಯತ್ಯಾಸವಿದೆ. ಎರಡನೆಯವರ ಜತೆ ಮಾತಾಡಿ ಬಂದಾಗಲೆಲ್ಲ ನಿಮಗೆ ನಿಮ್ಮ ಮೇಲೇ ನಂಬಿಕೆ ಹೋಗುತ್ತಿದ್ದರೆ, ಅವರಿಗೆ ಅದರಿಂದ ಅನುಕೂಲವೂ ಆಗುತ್ತಿದ್ದರೆ, ಅಲ್ಲಿ ವಿವರಣೆ ಕೊಡುವುದನ್ನು ನಿಲ್ಲಿಸಿ. ದೂರ ಇರಿ.

ಹಂತ 10: ಮಾತು ಮುಗಿದ ಮೇಲೆ

ಒಂದೇ ಸಲಕ್ಕೆ ಎಲ್ಲ ತೀರ್ಮಾನವಾಗಬೇಕು ಅಂತಿಲ್ಲ. ಹೇಳಬೇಕಾದದ್ದು ಹೇಳಿಯಾದ ಮೇಲೆ ಬೇರೆ ವಿಷಯಕ್ಕೆ ಹೋಗಿ. ಮಾರನೇ ದಿನ "ಈಗಾದರೂ ನಂಬ್ತೀಯಾ?" ಅಂತ ಮೆಸೇಜ್ ಹಾಕಬೇಡಿ. ಗೆಳೆಯರಿಗೂ ಅದನ್ನು ಅರಗಿಸಿಕೊಳ್ಳಲು ಸಮಯ ಬೇಕು.

ಅವರು ಒಂದು ದಿನ ತಾವಾಗಿಯೇ ಬಂದು "ಆವತ್ತು ನೀನು ಹೇಳಿದಾಗ ನಾನು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ" ಅನ್ನಬಹುದು. ಆಗ ಹಳೆಯ ಲೆಕ್ಕ ತೆಗೆಯಬೇಕು ಅನಿಸುತ್ತದೆ, ಸಹಜ. ನೋವಾಗಿದ್ದನ್ನು ಒಂದು ಮಾತಿನಲ್ಲಿ ಹೇಳಿ: "ಆಗ ತುಂಬ ಒಂಟಿ ಅನಿಸಿತ್ತು." ಅದರ ಮೇಲೆ ಆಗ ಹೇಳಲಾಗದೆ ಉಳಿದದ್ದನ್ನು ಹೇಳಿ.

ಬರದೇ ಇದ್ದರೆ? ಆ ಗೆಳೆತನದಲ್ಲಿ ಈ ಒಂದು ವಿಷಯಕ್ಕೆ ಬೇಲಿ ಹಾಕಬಹುದು. "ಈ ವಿಷಯದಲ್ಲಿ ನಮ್ಮಿಬ್ಬರಿಗೆ ಹೊಂದಲ್ಲ. ಇದನ್ನು ನಿನ್ನ ಹತ್ತಿರ ಮಾತಾಡಲ್ಲ, ನೀನೂ ಎತ್ತಬೇಡ" ಅಂತ ಒಂದು ಸಲ ಹೇಳಿ. ಅದನ್ನು ಅವರು ಪಾಲಿಸಿದರೆ ಉಳಿದ ಗೆಳೆತನ ಉಳಿಯಬಲ್ಲದು. ಪಾಲಿಸದೆ ಎಲ್ಲರೆದುರು ಅದನ್ನೇ ಕೆದಕುತ್ತಿದ್ದರೆ ಭೇಟಿ ಕಡಿಮೆ ಮಾಡಿ. ಉಳಿದ ಗೆಳೆಯರು ಯಾಕೆ ಅಂತ ಕೇಳಿದರೆ ಅವರನ್ನು ಪಕ್ಷ ಕಟ್ಟಲು ಕರೆಯಬೇಡಿ. "ನಮ್ಮಿಬ್ಬರ ನಡುವೆ ಒಂದು ವಿಷಯ ಇದೆ, ನೀನು ಅದರಲ್ಲಿ ಬರಬೇಕಾಗಿಲ್ಲ" ಅಂದರೆ ಸಾಕು. ಅವರಲ್ಲಿ ಯಾರಾದರೂ ಒಬ್ಬರೇ ಸಿಕ್ಕಾಗ "ಏನಾಯ್ತು, ಹೇಳಬೇಕು ಅನಿಸಿದರೆ ಹೇಳು" ಅಂದರೆ, ಹಾಳೆಯಲ್ಲಿ ಬರೆದ ಮೊದಲ ಭಾಗದಿಂದ ಶುರು ಮಾಡಿ.